‘ಸ್ವಂತ ಅನುಭವ ಬೆರೆಸದೆ ತಿದ್ದಿ ಸಲ್ಲಿಸಿ’ ಎಂದ ಬಂದೂಕು ಪರವಾನಗಿ ಅಧಿಕಾರಿಗಳಿಗೆ

ಪರವಾನಗಿ ವಿಭಾಗದ ಮಾನ್ಯರೇ,

ತಮ್ಮ ಮೇಜಿಗೂ, ಅದರ ಮೇಲಿನ ಕೆಂಪು ಪೆನ್ನಿಗೂ, ಆ ಪೆನ್ನು ಹಿಡಿದ ನಡುಗದ ಕೈಗೂ ಎಂಟನೇ ತರಗತಿಗೆ ಶಾಲೆ ಬಿಟ್ಟವನ ಸವಿನಯ ವಂದನೆಗಳು. ತೀರಿಕೊಂಡ ನಮ್ಮಪ್ಪನ ಬಂದೂಕನ್ನು ಅಕ್ಕನ ಹೆಸರಿಗೆ ವರ್ಗಾಯಿಸಬಹುದೇ ಎಂದು ಮನೆಯವರ ಅಭಿಪ್ರಾಯ ಕೇಳಿದ್ದಿರಿ. ನಾನು ಬರೆದು ಕಳಿಸಿದ್ದು ‘ಭಾವಾವೇಶದಿಂದ ಕೂಡಿದೆ, ಸ್ವಂತ ಅನುಭವ ಬೆರೆಸದೆ ತಿದ್ದಿ ಸಲ್ಲಿಸಿ’ ಎಂಬ ಷರಾ ಹೊತ್ತು ಮರಳಿ ಬಂದಿದೆ. ಸೋಮವಾರದೊಳಗೆ ತಿದ್ದದಿದ್ದರೆ ನನ್ನ ಒಪ್ಪಿಗೆಯಿದೆ ಎಂದೇ ತಿಳಿದು, ಠಾಣೆಯಲ್ಲಿರುವ ಬಂದೂಕನ್ನು ಮನೆಗೆ ಕಳಿಸುತ್ತೀರಂತೆ. ಶಾಲೆಯಲ್ಲಿ ಮೇಷ್ಟ್ರೂ ನನ್ನ ಉತ್ತರ ತಿದ್ದುತ್ತಿದ್ದರು. ಆದರೆ ನಡೆದದ್ದನ್ನೇ ಅಳಿಸು ಎನ್ನುವಷ್ಟು ವಿದ್ಯೆ ಅವರಿಗಿರಲಿಲ್ಲ.

ತಿದ್ದಲು ನಿಜವಾಗಿಯೂ ಕೂತೆ. ಅಪ್ಪ ವೆಲ್ಡರ್. ಮುಗಿದ ಗ್ಯಾಸ್ ಸಿಲಿಂಡರಿಗೆ ‘ಖಾಲಿ’ ಎಂಬ ತಗಡಿನ ಚೀಟಿ ತೂಗುಹಾಕುವುದು ಅವನ ಕಸುಬಿನ ಶಿಸ್ತು. ಅದೇ ಶಿಸ್ತಿನಿಂದ ಬಂದೂಕಿಗೂ ಒಂದು ಚೀಟಿ ತೂಗುಹಾಕಿದ್ದ. ಗುಂಡು ತುಂಬಿದ ದಿನ ಆ ಚೀಟಿ ತೆಗೆಯಲು ಮರೆತ. ಹದಿಮೂರು ವರ್ಷದ ನಾನು ಚೀಟಿ ಓದಿ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮನತ್ತ ತಮಾಷೆಗೆ ಗುರಿಯಿಟ್ಟು ಟ್ರಿಗರ್ ಎಳೆದೆ. ಜನ್ಮದಲ್ಲಿ ನಾನು ನಂಬಿ ಓದಿದ ಪದ ಅದೊಂದೇ. ತಾವು ಬಯಸಿದಂತೆ ಅನುಭವ ಸೋಸಿ ಬರೆದರೆ ಹೀಗಾಗುತ್ತದೆ: ‘ಒಂದು ಭುಜಕ್ಕೆ ಒಂದು ವಸ್ತು ತಾಗಿತು.’ ಆದರೆ ಆ ಭುಜಕ್ಕೆ ಬಾಯಿದೆ. ‘ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಸೂಜಿಗೆ ದಾರ ಹೋಗಲ್ಲ ಕಣೋ’ ಎನ್ನುತ್ತದೆ.

ಅಕ್ಕನಿಗೂ ಇದೇ ಅನುಭವದ ಕಾಯಿಲೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ಅವಳೊಬ್ಬಳೇ ಇದ್ದಾಗ ಒಬ್ಬ ಕುತ್ತಿಗೆಗೆ ಚಾಕು ಹಿಡಿದು ನಿದ್ದೆ ಮಾತ್ರೆ ದೋಚಿಕೊಂಡು ಹೋದ. ಈಗ ಯಾರು ಬಾಗಿಲು ತಟ್ಟಿದರೂ ಅವಳ ಕೈ ಕುತ್ತಿಗೆಗೆ ಹೋಗುತ್ತದೆ. ‘ನಿಂಗೇನೋ ಗೊತ್ತು? ನೀನು ಬಂದೂಕಿನ ಹಿಂದೆ ನಿಂತಿದ್ದೆ, ನಾನು ಚಾಕು ಮುಂದೆ ನಿಂತಿದ್ದೆ’ ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ಸುಳ್ಳು ಹೇಳಲಾರೆ: ಆ ಕುತ್ತಿಗೆ ನನ್ನದಾಗಿದ್ದರೆ ನಾನೂ ಬಂದೂಕು ಕೊಡಿ ಎಂದು ತಮ್ಮ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಅಮ್ಮನೋ, ಹೊಲಿಗೆ ಯಂತ್ರಕ್ಕೆ ಗೋಣಿ ಸುತ್ತಿ ಹೊಸ್ತಿಲ ಬಳಿ ಇಟ್ಟುಬಿಟ್ಟಿದ್ದಾಳೆ: ‘ಅದು ಒಳಗೆ ಬಂದ್ರೆ ಇದು ಹೊರಗೆ, ಇದರ ಹಿಂದೆ ನಾನೂ.’

ಆದಕಾರಣ, ಕುತ್ತಿಗೆಯೂ ಭುಜವೂ ಇಲ್ಲದ, ಯಾವ ಸದ್ದಿಗೂ ಬೆಚ್ಚದ, ತಾಯಿಯ ಹೊಟ್ಟೆಯಿಂದ ಹುಟ್ಟದ ನಿಷ್ಪಕ್ಷಪಾತಿಯೊಬ್ಬರನ್ನು ಇಲಾಖೆಯ ವತಿಯಿಂದ ನಮ್ಮ ಮನೆಗೆ ಮಗನಾಗಿ ನಿಯೋಜಿಸಬೇಕಾಗಿ ಕೋರುತ್ತೇನೆ. ಅವರೇ ಸಹಿ ಹಾಕಲಿ. ಅವರು ಬರುವ ತನಕ ನನ್ನ ಅಭಿಪ್ರಾಯ ತಿದ್ದದೆ ಹಾಗೇ ಇದೆ: ಬೇಡ. ಅಕ್ಕ ಆ ಅಭಿಪ್ರಾಯ ಓದಿದಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಆದರೂ ದಿನಾ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ, ಅವಳಿಂದ ಹತ್ತು ಹೆಜ್ಜೆ ಹಿಂದೆ ನಡೆದು ಮನೆ ಮುಟ್ಟಿಸುತ್ತಿದ್ದೇನೆ. ಹಾಗೆ ನಡೆಯಲೂ ಪರವಾನಗಿ ಬೇಕಿದ್ದರೆ ತಿಳಿಸುವುದು.

ತಿದ್ದಿಕೊಳ್ಳದೆ ಉಳಿದ ತಮ್ಮ ವಿಶ್ವಾಸಿ,
ವೆಲ್ಡರನ ಮಗ

ವಿ.ಸೂ.: ತಮ್ಮ ಕೋಣೆಯ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಕಾವಲುಗಾರನನ್ನು ಕಂಡು ಬಹಳ ಧೈರ್ಯವಾಯಿತು. ಹೋದ ವರ್ಷ ಯಾರೋ ತಮ್ಮತ್ತ ಕುರ್ಚಿ ಎಸೆದ ಮೇಲೆ, ಅದು ತಾಗದಿದ್ದರೂ, ತಾವೇ ಅರ್ಜಿ ಬರೆದು ಅವನನ್ನು ಹಾಕಿಸಿಕೊಂಡಿರಿ ಎಂದು ಅವನೇ ಹೇಳಿದ. ಆ ಅರ್ಜಿಯ ಒಂದು ಪ್ರತಿ ದಯಪಾಲಿಸಿದರೆ, ಭಾವನೆಯೂ ಅನುಭವವೂ ಬೆರೆಯದಂತೆ ಬರೆಯುವುದು ಹೇಗೆಂದು ನೋಡಿ ಕಲಿಯುತ್ತೇನೆ.