ಗೋಡೆಗೆ ಲೋಟ ಹಚ್ಚಿದ ಅತ್ತೆ

ಮೊದಲು ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ. ಅಹಮದಾಬಾದಿನ ಮಣಿನಗರದಲ್ಲಿ, ನಾವಿರುವ ವಸತಿ ಸೊಸೈಟಿಯ ಮೂರನೆಯ ಮಹಡಿಯಲ್ಲಿ, ನಮ್ಮ ಸೋದರತ್ತೆಯ ಅಡುಗೆಮನೆಯ ಹೊಸ್ತಿಲ ಮೇಲೆ. ಬಲಗಾಲು ಒಳಗಿತ್ತು, ಎಡಗಾಲು ಹೊರಗಿತ್ತು. ಭಾನುವಾರ ಬೆಳಿಗ್ಗೆ, ಹತ್ತೂಮುಕ್ಕಾಲು. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಹನ್ನೊಂದಕ್ಕೆ ಕೆಳಗೆ ಸೊಸೈಟಿಯ ಮೀಟಿಂಗ್ ಇತ್ತು. ಅತ್ತೆಯನ್ನು ಕರೆದೊಯ್ಯಲು ಬಂದಿದ್ದೆ. ಅತ್ತೆ ಇಳಕಲ್ ಸೀರೆ ಉಟ್ಟು, ಒಂದು ಸ್ಟೀಲ್ ಲೋಟದ ಬಾಯನ್ನು ಗೋಡೆಗೆ ಒತ್ತಿ, ಅದರ ತಳಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದಳು. ಗೋಡೆಯ ಆಚೆ ಇರುವುದು ಪಕ್ಕದ ಮನೆಯ ಹಂಸಾಬೆನ್ ಅವರ ಬಚ್ಚಲು.

ಇಲ್ಲಿಗೆ ಸ್ವಲ್ಪ ನಿಲ್ಲಿಸುತ್ತೇನೆ. ಮುಂದೆ ಕಂಡದ್ದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ನಿಮಗೆ ಅತ್ತೆಯ ಪರಿಚಯವಾಗಬೇಕು.

ನಮ್ಮ ಅತ್ತೆ ನೆರೆಮನೆಯ ಮಾತು ಕದ್ದು ಕೇಳುವ ಹೆಂಗಸು ಎಂದು ಮಣಿನಗರದ ಅರ್ಧ ಜನ ನಂಬಿದ್ದರು. ಉಳಿದರ್ಧ ಜನಕ್ಕೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ, ಅಷ್ಟೇ! ನಿಜ ಹೇಳಬೇಕೆಂದರೆ ಅತ್ತೆಗೆ ಮನುಷ್ಯರ ಮಾತಿನಲ್ಲಿ ಆಸಕ್ತಿಯೇ ಇಲ್ಲ. ಆಕೆ ಕೇಳುವುದು ನೀರಿನ ಮಾತನ್ನು. ಹುಟ್ಟಿದ್ದು ಗದಗಿನಲ್ಲಿ. ಆಕೆಯ ಬಾಲ್ಯದಲ್ಲಿ ಅಲ್ಲಿ ನಳಕ್ಕೆ ನೀರು ಬರುವ ದಿನ ಶಾಲೆಗೆ ಹೋಗುವ ಮಕ್ಕಳನ್ನು ದಡ್ಡರೆಂದು ಕರೆಯುತ್ತಿದ್ದರಂತೆ. ಮದುವೆಯಾಗಿ, ರೈಲ್ವೆಯಲ್ಲಿದ್ದ ಮಾವನ ಹಿಂದೆ ಗುಜರಾತಿಗೆ ಬಂದಳು. ಗುಜರಾತಿಯಲ್ಲೂ ನಳಕ್ಕೆ ನಳವೇ ಅನ್ನುತ್ತಾರೆ ಎಂದು ಗೊತ್ತಾದ ಕ್ಷಣದಿಂದ ಆಕೆಗೆ ಭಾಷೆಯ ತೊಂದರೆ ಇಲ್ಲವಾಯಿತು. "ನಳ ಬಂಧ ಕರೋ!" ನಳ ನಿಲ್ಲಿಸಿ ಎಂಬ ಇದೊಂದೇ ವಾಕ್ಯದಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ್ದಾಳೆ.

ಮಾವ ಸ್ನಾನಕ್ಕೆ ಹೋದರೆ ಅತ್ತೆ ಬಾಗಿಲ ಹೊರಗೆ ಕಾವಲು. ತಂಬಿಗೆಯ ಸದ್ದು ತುಸು ಹೆಚ್ಚಾದರೆ ಕೂಗು ಬರುತ್ತದೆ:

"ರೀ, ಸ್ನಾನ ಮಾಡ್ಲಿಕ್ಕತ್ತೀರೋ, ಸಾಬರಮತಿ ಖಾಲಿ ಮಾಡ್ಲಿಕ್ಕತ್ತೀರೋ?"

ಒಳಗಿನಿಂದ ಮಾವನ ಉತ್ತರ: "ರೈಲಿನ ಡಬ್ಬಿ ತೊಳಿಯೂದಕ್ಕ ನಾವು ಇದಕ್ಕಿಂತ ಹೆಚ್ಚ ನೀರು ಹಾಕ್ತಿದ್ವಿ!"

"ಡಬ್ಬಿ ಮಂದಿಗೆ ಉಪಯೋಗ ಬೀಳ್ತದ!"

ಮಾವ ಒರೆಸಿಕೊಂಡು ಹೊರಬರುತ್ತಾರೆ. ಬೆನ್ನಿನ ಮೇಲೆ ಸಾಬೂನು ಹಾಗೇ ಇರುತ್ತದೆ.

ವಡೋದರೆಯಲ್ಲಿ ಪರಿಚಿತರ ಮಗಳ ಮದುವೆಗೆ ನಾನು ಅತ್ತೆಯ ಜೊತೆ ಹೋಗಿದ್ದೆ. ಊಟದ ಹಾಲ್‌ನ ಹೊರಗೆ ಕೈ ತೊಳೆಯುವ ನಳಗಳ ಸಾಲು. ಗುಜರಾತಿನ ಮದುವೆ ಎಂದರೆ ಕೈತುಂಬ ತುಪ್ಪ. ತುಪ್ಪದ ಕೈ ತೊಳೆಯಲು ಹೊಳೆಯಷ್ಟು ನೀರು! ಅತ್ತೆ ಊಟ ಬಿಟ್ಟು ಅಲ್ಲಿ ನಿಂತಳು. ಒಬ್ಬೊಬ್ಬರು ಕೈ ತೊಳೆದು ತಿರುಗುವಷ್ಟರಲ್ಲಿ ನಳ ನಿಲ್ಲಿಸುವುದು, ಮುಗುಳ್ನಗುವುದು. ಇಷ್ಟು ಶ್ರದ್ಧೆಯಿಂದ ನಿಂತಾಕೆ ಹುಡುಗಿಯ ಕಡೆಯ ಹಿರಿಯಳೇ ಇರಬೇಕೆಂದು ಜನ ಮುಯ್ಯಿಯ ಲಕೋಟೆಗಳನ್ನು ಆಕೆಯ ಕೈಗೇ ಇಡತೊಡಗಿದರು. ಕೊನೆಗೆ ಹುಡುಗಿಯ ತಂದೆ ಬೆವರೊರೆಸಿಕೊಳ್ಳುತ್ತ ಬಂದು ಕೈಮುಗಿದರು: "ಬೆನ್, ಲಕೋಟೆಗಳು..."

"ಕೊಡ್ತೀನಿ," ಅಂದಳು ಅತ್ತೆ. "ಮೊದಲ ಆ ಮೂರನೇ ನಳದ ವಾಶರ್ ಬದಲಸ್ರಿ."

ಬದಲಿಸಿದರು! ನಾನು ನೋಡಿದ್ದೇನೆ.

ಆ ಮದುವೆಯಿಂದ ಮರಳುವಾಗ ವಡೋದರೆಯ ಸ್ಟೇಷನ್ ಹತ್ತಿರ ಒಂದು ಬೋರ್ಡು ಅತ್ತೆಯ ಕಣ್ಣಿಗೆ ಬಿತ್ತು. ನೀರು ಮತ್ತು ವಿದ್ಯುತ್ ಪೋಲಾಗುವುದನ್ನು ಪತ್ತೆಹಚ್ಚುವ ಕೆಲಸಕ್ಕೆ ತರಬೇತಿ; ಮುಗಿಸಿದವರಿಗೆ ನೌಕರಿ ಸಿಗುವ ಅವಕಾಶ. ಅತ್ತೆ ಅದನ್ನು ಓದಿ, ನನ್ನಿಂದ ಓದಿಸಿ, ದಾರಿಹೋಕನೊಬ್ಬನಿಂದಲೂ ಓದಿಸಿ ಖಾತ್ರಿ ಮಾಡಿಕೊಂಡಳು.

"ಇದಕ್ಕ ಪಗಾರ ಕೊಡ್ತಾರಂತೋ ತಮ್ಮಾ! ನಾ ಇಷ್ಟು ವರ್ಷ ಪುಕ್ಕಟ ಮಾಡಿದ್ನಲ್ಲೋ!"

ಮಣಿನಗರದ ಹತ್ತಿರವೇ ಇದ್ದ ಅದರ ಶಾಖೆಗೆ ಸೇರಿಯೇ ಬಿಟ್ಟಳು. ಮೊದಲ ದಿನ ಕಾವಲುಗಾರ ಆಕೆಯನ್ನು ಪಾಲಕರು ಕೂರುವ ಕೋಣೆಗೆ ಕಳಿಸಿದ. ಅತ್ತೆ ಅಲ್ಲಿನ ಫ್ಯಾನು, ದೀಪ ಎಲ್ಲ ಆರಿಸಿ ತರಗತಿಗೆ ಹೋದಳು; ನಿಜವಾದ ಪಾಲಕರು ಬೆವರುತ್ತ ಕುಳಿತರು. ಸಹಪಾಠಿಗಳೆಲ್ಲ ಇಪ್ಪತ್ತರ ಆಸುಪಾಸಿನವರು. ಆಕೆಯನ್ನು "ಮಾಸಿ", ಅಂದರೆ ಚಿಕ್ಕಮ್ಮ, ಎಂದು ಕರೆದು, ಆಕೆಯ ಡಬ್ಬಿಯ ಅವಲಕ್ಕಿ ತಿಂದು, ಲೆಕ್ಕ ಹೇಳಿಕೊಟ್ಟರು. ನೆಲದಡಿಯ ಪೈಪು ಸೋರುವುದನ್ನು ಕೇಳಲು ಅಲ್ಲಿ ಒಂದು ಉದ್ದನೆಯ ಸರಳು ಕೊಡುತ್ತಿದ್ದರು; ಮನೆಗೆ ಒಯ್ಯುವ ಹಾಗಿಲ್ಲ. ಅತ್ತೆ ಮನೆಯಲ್ಲಿ ಅಭ್ಯಾಸಕ್ಕೆ ಗದಗಿನ ಸ್ಟೀಲ್ ಲೋಟ ತೆಗೆದಳು. ಅಲ್ಲಿಂದ ಶುರುವಾಯಿತು ನೋಡಿ!

ಈ ಕೆಲಸಗಳಿಗೆ ನಮ್ಮ ಕಡೆ ಈಗ ಎಂಥ ಬೇಡಿಕೆ ಅಂತೀರಿ! ವಟ್ವಾದ ಬಣ್ಣದ ಕಾರ್ಖಾನೆಗಳಿಗೆ ಉಗಿ ಸೋರುವುದನ್ನು ಹಿಡಿಯುವವರು ಬೇಕು. ಸೂರತ್ತಿನ ಬಟ್ಟೆ ಗಿರಣಿಗಳಿಗೆ ಬಣ್ಣದ ನೀರನ್ನು ಶುದ್ಧಮಾಡಿ ಮತ್ತೆ ಬಳಸುವವರು ಬೇಕು. ಸೊಸೈಟಿಗಳಿಗೆ ತಾರಸಿಯ ಸೋಲಾರ್ ಫಲಕ, ಮಳೆನೀರಿನ ಬಾವಿ ನೋಡಿಕೊಳ್ಳುವವರು ಬೇಕು. ಭಾನುವಾರ ಬೆಳಗಿನ ಫಾಫಡಾ ಬಾಣಲೆಯಿಂದಲೇ ಖಾಲಿಯಾಗುವ ಹಾಗೆ ಅತ್ತೆಯ ಸಹಪಾಠಿಗಳು ಒಬ್ಬೊಬ್ಬರಾಗಿ ನೌಕರಿಗೆ ಹೋದರು. ಬಾಣಲೆಯಲ್ಲಿ ಉಳಿದದ್ದು ಅತ್ತೆ. ಫೋನು ಬರುತ್ತಿತ್ತು, ಮಾತು ಚೆನ್ನಾಗಿಯೇ ನಡೆಯುತ್ತಿತ್ತು, "ವಯಸ್ಸು?" ಎಂಬಲ್ಲಿ ಲೈನು ಕೆಡುತ್ತಿತ್ತು.

"ಹಸಿರು ನೌಕರಿಗೆ ಚಿಗುರೆಲೀನೇ ಬೇಕಂತ," ಅಂದಳು ಒಮ್ಮೆ. "ಹಣ್ಣೆಲಿ ನಡಿಯೂದಿಲ್ಲಂತ."

ನಕ್ಕೇ ಹೇಳಿದಳು. ಆದರೆ ಆ ದಿನ ಮಾವ ಎಷ್ಟು ತಂಬಿಗೆ ಸುರಿದುಕೊಂಡರೂ ಕೂಗು ಬರಲಿಲ್ಲ. ಮಾವನೇ ಗಾಬರಿಯಾಗಿ ನನಗೆ ಫೋನು ಮಾಡಿದರು.

ಒಬ್ಬ ಸಹಪಾಠಿಯ ಶಿಫಾರಸಿನಿಂದ ವಟ್ವಾದ ಒಂದು ಕಾರ್ಖಾನೆ ಆಕೆಯನ್ನು ಪರೀಕ್ಷೆಗೆ ಕರೆಯಿತು. ಒತ್ತಡದ ಗಾಳಿಯ ಪೈಪುಗಳಿಗೆಲ್ಲ ಅತ್ತೆ ಸಾಬೂನು ನೀರು ಬಳಿದು, ಗುಳ್ಳೆ ಎದ್ದಲ್ಲೆಲ್ಲ ಕುಂಕುಮದ ಬೊಟ್ಟಿಟ್ಟಳು. ಸೋರಿಕೆಗಳು ಸಿಕ್ಕವು, ಎಲ್ಲರೂ ಹೊಗಳಿದರು. ಹೊರಡುವಾಗ ಮ್ಯಾನೇಜರ ಕೋಣೆಯಲ್ಲಿ ಯಾರೂ ಇಲ್ಲವೆಂದು ಎಸಿ ಆರಿಸಿದಳು. ಮ್ಯಾನೇಜರು ಇದ್ದರು. ಕುರ್ಚಿ ಆಚೆ ತಿರುಗಿಸಿಕೊಂಡು ನಿದ್ದೆ ಮಾಡುತ್ತಿದ್ದರು. ಎಚ್ಚರವಾಯಿತು. ನೌಕರಿ ಹೋಯಿತು.

ಇನ್ನು ಹಂಸಾಬೆನ್. ಇವರೂ ಅತ್ತೆಯೂ ಬಹುಕಾಲದ ನೆರೆಯವರು. ಇಲ್ಲಿ ಅಕ್ಕಪಕ್ಕದವರು ತಮ್ಮ ಮನೆಯ ಇನ್ನೊಂದು ಚಾವಿಯನ್ನು ಒಬ್ಬರು ಮತ್ತೊಬ್ಬರ ಮನೆಯಲ್ಲಿ ಇಟ್ಟಿರುತ್ತಾರೆ. ಹಂಸಾಬೆನ್ನರ ಚಾವಿ ಅತ್ತೆಯ ಅಡುಗೆಮನೆಯ ಮೊಳೆಗೆ, ಅತ್ತೆಯ ಚಾವಿ ಅವರ ಮೊಳೆಗೆ. ಒಂದು ಮಧ್ಯಾಹ್ನ ಹಂಸಾಬೆನ್ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದರು. ನೋಡಿದರೆ, ಅತ್ತೆ ಗೋಡೆಗೆ ಲೋಟ ಹಚ್ಚಿದ್ದಾಳೆ! ಅದೂ ಯಾವಾಗ? ಹಂಸಾಬೆನ್ ಸೂರತ್ತಿನ ತಂಗಿಗೆ ಫೋನಿನಲ್ಲಿ, "ಇವರ ಸಾರಿಗೆ ಚಿಟಿಕೆ ಸಕ್ಕರೆ ಕೂಡ ಇಲ್ಲ, ಔಷಧಿಯ ಹಾಗಿರುತ್ತದೆ" ಎಂದು ಹೇಳಿ ಫೋನಿಟ್ಟು ಬಂದ ಗಳಿಗೆಯಲ್ಲೇ!

"ಶುಂ ಸಾಂಭಳ್ಯುಂ?" ಎಂದರು ಹಂಸಾಬೆನ್. ಏನು ಕೇಳಿದೆ?

"ಪಾಣೀ," ಅಂದಳು ಅತ್ತೆ. "ಬಸ್, ಪಾಣೀ." ನೀರು, ಬರೇ ನೀರು.

ಯಾರು ನಂಬುತ್ತಾರೆ? ಅಂದಿನಿಂದ ಮಾತು ನಿಂತಿತು. ಅತ್ತೆಯ ಉಪ್ಪಿನಕಾಯಿ ಭರಣಿ ವಾಪಸಾಯಿತು. ಅವರ ಢೋಕಳಾದ ತಟ್ಟೆ ವಾಪಸಾಯಿತು. ಚಾವಿಯನ್ನು ಮಾತ್ರ ಇಬ್ಬರೂ ಕೇಳಲಿಲ್ಲ, ಇಬ್ಬರೂ ಕೊಡಲಿಲ್ಲ. ಮರೆತರೇನೋ ಎಂದು ಆಗ ನಾನು ತಿಳಿದಿದ್ದೆ.

ಇಂಥ ಹೊತ್ತಿನಲ್ಲಿ ನಮ್ಮ ಸೊಸೈಟಿಯ ಬೋರ್‌ವೆಲ್ ಕೆಮ್ಮತೊಡಗಿತು. ದಿನಾ ಟ್ಯಾಂಕರು. ನೀರು, ವಿದ್ಯುತ್ ಎರಡನ್ನೂ ನೋಡಿಕೊಳ್ಳಲು ಸಂಬಳದ ಮೇಲೆ ಒಬ್ಬರನ್ನು ಇಟ್ಟುಕೊಳ್ಳೋಣವೆಂದು ಸೆಕ್ರೆಟರಿ ದಿನೇಶಭಾಯಿ ನೋಟೀಸು ಹಚ್ಚಿದರು. ವಯಸ್ಸಿನ ಮಾತೇ ಇಲ್ಲ! ಅತ್ತೆ ಅರ್ಜಿ ಹಾಕಿದಳು. ಸುತ್ತಲಿನ ಸೊಸೈಟಿಗಳೂ ನೋಡುತ್ತಿದ್ದವು. ಇಲ್ಲಿ ಆದರೆ ಅಲ್ಲಿಯೂ ಆಗುತ್ತದೆ, ಇಲ್ಲಿ ತಪ್ಪಿದರೆ ಎಲ್ಲ ಕಡೆಯೂ ತಪ್ಪಿತು. ಒಂದೇ ತೊಡಕು. ದಿನೇಶಭಾಯಿ ಹಂಸಾಬೆನ್ನರ ಗಂಡ.

"ಆ ಲೋಟದವಳನ್ನು ನೇಮಿಸಿದರೆ ನಾನು ಸೂರತ್ತಿಗೆ ತವರಿಗೆ ಹೋಗುತ್ತೇನೆ," ಎಂದು ಹಂಸಾಬೆನ್ ಘೋಷಿಸಿದ್ದರು. ಭಾನುವಾರದ ಮೀಟಿಂಗಿನಲ್ಲಿ ಎಲ್ಲರೆದುರು ಎದ್ದುನಿಂತು ಹೇಳುವವರಿದ್ದರು.

ಈಗ ಮತ್ತೆ ಹೊಸ್ತಿಲಿಗೆ ಬನ್ನಿ. ಬಲಗಾಲು ಒಳಗೆ, ಎಡಗಾಲು ಹೊರಗೆ.

"ಅತ್ತೀ! ಇವತ್ತಾದರೂ ಲೋಟ ಕೆಳಗಿಡು. ಎಲ್ಲಾರೂ ಕಾಯ್ಲಿಕ್ಕತ್ತಾರ."

"ತಡಿಯೋ. ನಳ ಬಿಟ್ಟಾಳ ಆಕಿ."

"ಸ್ನಾನ ಮಾಡ್ಲಿಕ್ಕತ್ತಿರಬೇಕು, ಬಿಡು."

"ಸ್ನಾನ ಮಾಡಿದ್ರ ತಂಬಿಗಿ ಸಪ್ಪಳ ಬರ್ತದ. ನೀರು ಸೀದಾ ನೆಲದ ಮ್ಯಾಲ ಬೀಳ್ಲಿಕ್ಕತ್ತದ." ಆಕೆಯ ಮುಖ ಕೆಂಪಾಯಿತು. "ಟ್ಯಾಂಕರಿನ ನೀರೋ ಅದು! ನನ್ನ ಮ್ಯಾಲಿನ ಸಿಟ್ಟು ನೀರಿನ ಮ್ಯಾಲ ತೀರಿಸ್ಲಿಕ್ಕತ್ತಾಳೇನು?"

"ಅತ್ತೀ, ಇವತ್ತೊಂದು ದಿನ ಜಗಳ ಬ್ಯಾಡ. ಈಗ ಹೋದ್ರ ನೌಕರಿ ಹೋತು!"

"ಹೋಗ್ಲಿ!" ಅಂದಳು.

ಇದನ್ನು ನಾನು ಸ್ಪಷ್ಟವಾಗಿ ಕೇಳಿದೆ. ಲೋಟ ಹಿಡಿದೇ ಓಡಿ ಪಕ್ಕದ ಬಾಗಿಲು ಬಡಿದಳು. "ಹಂಸಾಬೆನ್! ನಳ ಬಂಧ ಕರೋ!" ಉತ್ತರವಿಲ್ಲ. ಮತ್ತೆ ಬಡಿದಳು. ಮೂರನೆಯ ಸಲ ಬಡಿಯಲು ಎತ್ತಿದ ಕೈ ಹಾಗೇ ನಿಂತಿತು. ಸಿಟ್ಟು ಮುಖದಿಂದ ಇಳಿದುಹೋದದ್ದನ್ನು ನಾನು ಕಂಡೆ.

"ಬೈಲಿಕ್ಕಾದ್ರೂ ಬರಬೇಕಿತ್ತಲ್ಲೋ ಆಕಿ," ಅಂದಳು. "ಚಾವಿ ತಾ!"

ಮೊಳೆಯ ಮೇಲಿನ ಚಾವಿ ತಂದೆ. ಒಳಗೆ ಬಚ್ಚಲ ಬಾಗಿಲ ಸಂದಿಯಿಂದ ನೀರು ಹೊರಗೆ ಹರಿಯುತ್ತಿತ್ತು. ಪ್ಲಾಸ್ಟಿಕ್ಕಿನ ಬಾಗಿಲು, ನಾನು ಭುಜ ಕೊಟ್ಟೆ, ಚಿಲಕ ಕಿತ್ತು ಬಂತು. ಹಂಸಾಬೆನ್ ಪಕ್ಕಕ್ಕೆ ಹೊರಳಿ ಬಿದ್ದಿದ್ದರು. ಒಗೆಯಲು ಹಾಕಿದ್ದ ಬಟ್ಟೆ ನೀರು ಹೋಗುವ ದಾರಿಯನ್ನು ಮುಚ್ಚಿತ್ತು. ನೀರು ಅವರ ತುಟಿಯ ಹತ್ತಿರಕ್ಕೆ ಬಂದಿತ್ತು. ಕಿವಿಯ ಹಿಂದಿನಿಂದ ತೆಳ್ಳಗೆ ಕೆಂಪು ಹರಿಯುತ್ತಿತ್ತು.

ಅತ್ತೆ ಮೊದಲು ನಳ ನಿಲ್ಲಿಸಿದಳು. ಆಮೇಲೆ ಅವರ ತಲೆ ಎತ್ತಿದಳು. ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದೇನೆ. ನೀರು ಏರುವುದನ್ನು ತಡೆಯಲು ನಿಲ್ಲಿಸಿದಳೋ, ಅಭ್ಯಾಸಬಲದಿಂದಲೋ, ನಾನು ತೀರ್ಪು ಕೊಡಲಾರೆ!

"ಆ ಕಡೆ ತಿರುಗಿ ನಿಂದ್ರೋ ಗಂಡಸಾ! ಟಾವೆಲ್ ಕೊಡು! ಮಾವನ್ನ ಕರಿ!"

ಮೂರನ್ನೂ ಒಟ್ಟಿಗೆ ಮಾಡಿದೆ. ನನ್ನ ಕೂಗಿಗೆ ಮಾವ ಬಂದರು, ಕೆಳಗೆ ಕುರ್ಚಿ ಹಾಕಿಸುತ್ತಿದ್ದ ದಿನೇಶಭಾಯಿ ಬರಿಗಾಲಲ್ಲಿ ಹತ್ತಿಬಂದರು. ಹಂಸಾಬೆನ್ನರ ತಲೆ ಅತ್ತೆಯ ತೊಡೆಯ ಮೇಲಿತ್ತು. ಇಳಕಲ್ ಸೀರೆ ಪೂರ್ತಿ ತೊಯ್ದಿತ್ತು. ಅವರು ಕೆಮ್ಮಿದರು. ಕಣ್ಣು ತೆರೆದರು. ಮೊದಲು ಕಂಡದ್ದು ಅತ್ತೆಯ ಕೈಯಲ್ಲಿದ್ದ ಲೋಟ.

"ಶುಂ ಸಾಂಭಳ್ಯುಂ?" ಎಂದರು, ಉಸಿರಿನಲ್ಲಿ.

"ಪಾಣೀ," ಅಂದಳು ಅತ್ತೆ. "ಬಸ್, ಪಾಣೀ."

ಈ ಸಲ ಹಂಸಾಬೆನ್ ನಂಬಿದರು.

ಮೀಟಿಂಗು ಅವರ ತಲೆಯ ಹೊಲಿಗೆ ಬಿಚ್ಚಿದ ಮೇಲೆ ನಡೆಯಿತು. ಹೇಳಿದ ಮಾತಿನಂತೆ ಹಂಸಾಬೆನ್ ಎಲ್ಲರೆದುರು ಎದ್ದುನಿಂತರು. ನೌಕರಿ ಈಕೆಗೇ ಕೊಡಿ, ಆದರೆ ನನ್ನದೊಂದು ಷರತ್ತು, ಎಂದರು. ದಿನಾ ಬೆಳಿಗ್ಗೆ ನನ್ನ ಸ್ನಾನದ ಹೊತ್ತಿಗೆ ಈಕೆ ನನ್ನ ಗೋಡೆಗೆ ಲೋಟ ಹಚ್ಚಲೇಬೇಕು. ಈಗ ಅತ್ತೆ ಮೂರು ಸೊಸೈಟಿಗಳ ನೀರು ನೋಡಿಕೊಳ್ಳುತ್ತಾಳೆ. ಆದರೆ ಹಂಸಾಬೆನ್ ಸ್ನಾನ ಮುಗಿಸಿ ಗೋಡೆ ತಟ್ಟುವವರೆಗೆ ಮನೆಯಿಂದ ಹೊರಡುವುದಿಲ್ಲ. ಒಮ್ಮೊಮ್ಮೆ ಗೋಡೆಯ ಆಚೆಯಿಂದ, "ಸಾರಿಗೆ ಸಕ್ಕರೆ ಹಾಕಿದೆಯಾ?" ಎಂಬ ಕೂಗೂ ಬರುತ್ತದೆ. ಅದಕ್ಕೆ ಲೋಟ ಬೇಕಾಗುವುದಿಲ್ಲ. ಬೀದಿಗೇ ಕೇಳಿಸುತ್ತದೆ!

ಆ ಬೆಳಿಗ್ಗೆ ಇದನ್ನೆಲ್ಲ ಕಂಡವರು ಇಷ್ಟು ಜನ. ನಾನು. ಬೆನ್ನಿಗೆ ಸಾಬೂನು ಹತ್ತಿದ್ದ ಮಾವ. ಬರಿಗಾಲಿನ ದಿನೇಶಭಾಯಿ. ಬಚ್ಚಲ ಕಿಂಡಿಯಲ್ಲಿ ಒಂದು ಪಾರಿವಾಳವೂ ಕೂತಿತ್ತು. ಅದು ಈಗ ಇದೆಯೋ ಇಲ್ಲವೋ ಹೇಳಲಾರೆ. ಮತ್ತೆ ಹಂಸಾಬೆನ್. ಅವರು ಇದ್ದಾರೆ.