ಕೆಂಪು ಹಗ್ಗಕ್ಕೆ ನಾನು ಹಾಕಿದ ಗಂಟು

ಬಾಯಿ ನಾಚಿಕೊಳ್ಳುವವರ ಕೈ ಸುಮ್ಮನಿರುವುದಿಲ್ಲ. ಇದು ನನ್ನನ್ನೇ ನೋಡಿ ನಾನು ಕಂಡುಕೊಂಡ ಮಾತು. ಪರರ ಮನೆಯಲ್ಲಿ ಕುಡಿಯಲು ನೀರು ಕೇಳುವುದಕ್ಕೂ ಹಿಂಜರಿಯುವ ನಾನು, ಅವರ ಅಕ್ಕಿಯ ಕಲ್ಲು ಆರಿಸಿ, ಒಣಗಿದ ಬಟ್ಟೆ ಮಡಚಿಟ್ಟು ಬರುತ್ತೇನೆ. ಇದೇ ಕೈ ಚಿಂಚೋಳಿ ಹತ್ತಿರದ ಜಲಾಶಯದಲ್ಲಿ ಏನು ಮಾಡಿತೆಂದು, ಮಕ್ಕಳೇ, ನಿಮ್ಮ ರೇಣುಕಾ ಅಕ್ಕ ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ರೇಣುಕಾ ಕಾಲೇಜಿನವರೊಂದಿಗೆ ಅಲ್ಲಿ ಹಾಯಿದೋಣಿ ಕಲಿಯುವ ಶಿಬಿರಕ್ಕೆ ಬಂದಿದ್ದಳು. ನಮ್ಮ ಸುಲೇಪೇಟದಿಂದ ದೂರವೇನಲ್ಲವೆಂದು ನಾನು ಮೊಮ್ಮಗಳಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸು ಹತ್ತಿದೆ. ದೋಣಿ ನೋಡಿ ಎದೆ ಧಸಕ್ಕೆಂದಿತು. ಉದ್ದಕ್ಕೆ ಎರಡು ಮಂಚ ಜೋಡಿಸಿದಷ್ಟು, ಅಷ್ಟೇ. ಅದಕ್ಕೊಂದು ದೊಡ್ಡ ಹಾಯಿ, ಒಂದು ಸಣ್ಣ ಹಾಯಿ. ಸಾಲದೆಂದು ಚೀಲದಲ್ಲಿ ತುರುಕಿಟ್ಟ ಮೂರನೆಯದು. ಅದರ ಹೆಸರು ಸ್ಪಿನ್ನೇಕರ್. ಗಾಳಿ ಬೆನ್ನ ಹಿಂದಿನಿಂದ ಬೀಸುವಾಗ ಮಾತ್ರ ಅದನ್ನು ಏರಿಸುತ್ತಾರಂತೆ. ಏರಿದರೆ ತುಂಬಿದ ಬಸುರಿಯ ಹೊಟ್ಟೆಯಂತೆ ಉಬ್ಬುತ್ತದೆ.

ಹಗ್ಗಗಳ ಸುದ್ದಿಯಂತೂ ಕೇಳಬೇಡಿ. ಏರಿಸಲು ಒಂದು, ಎಡಕ್ಕೆಳೆಯಲು ಒಂದು, ಬಲಕ್ಕೆ ಇನ್ನೊಂದು. ಎಲ್ಲವೂ ಬಾವಿಯ ರಾಟೆಯಂಥ ಪುಟ್ಟ ಪುಟ್ಟ ಗಾಲಿಗಳಲ್ಲಿ ಹಾದು ಬರುತ್ತಿದ್ದವು. ರೇಣುಕಾ ಮತ್ತು ಅವಳ ಜೊತೆಗಾತಿ, ಶಹಾಬಾದಿನ ಶಬಾನಾ, ಎಲ್ಲವನ್ನೂ ಪೋಣಿಸಿಟ್ಟು ಚಹಾ ಕುಡಿಯಲು ಹೋದರು. ನಾನು ಬಗ್ಗಿ ನೋಡಿದೆ. ಬೇರೆ ಹಗ್ಗಗಳ ತುದಿಗೆಲ್ಲ ಗಂಟು ಇತ್ತು. ಆ ಮೂರನೆಯ ಹಾಯಿಯ ಎರಡು ಕೆಂಪು ಹಗ್ಗಗಳ ತುದಿ ಮಾತ್ರ ಬೋಳು. ಮರೆತಿದ್ದಾರೆ ಅಂದುಕೊಂಡೆ.

ಹೊಸ ಸೊಸೆಯಾಗಿದ್ದಾಗ ನಾನೂ ಹೀಗೆಯೇ ಬಾವಿಯ ಹಗ್ಗದ ತುದಿಗೆ ಗಂಟು ಹಾಕದೆ ಕೊಡ ಇಳಿಬಿಟ್ಟಿದ್ದೆ. ಕೈ ಜಾರಿತು. ಹಗ್ಗ ಗಾಲಿಯಿಂದ ಸರ್ರನೆ ಕಳಚಿಕೊಂಡು ಕೊಡದ ಹಿಂದೆಯೇ ಬಾವಿಗೆ ಹಾರಿತು. ಅತ್ತೆ ಬೈಯಲಿಲ್ಲ, ನೀರಿಗೆ ಬಂದವರಿಗೆಲ್ಲ ಮೂರು ದಿನ ಆ ಖಾಲಿ ಗಾಲಿಯನ್ನು ತೋರಿಸಿದರು. ಅಂದಿನಿಂದ ಗಾಲಿಯ ಹಗ್ಗ ಬೋಳಾಗಿದ್ದರೆ ನನಗೆ ತಡೆಯಲಾಗುವುದಿಲ್ಲ. ಎರಡಕ್ಕೂ ಗಂಟಿನ ಮೇಲೆ ಗಂಟು ಬಿಗಿದೆ. ಯಾರಿಗೂ ಹೇಳಲಿಲ್ಲ. ಮಾಡಿದ ಉಪಕಾರ ಹೇಳಿಕೊಳ್ಳಬಾರದಲ್ಲ.

ದೋಣಿ ಹೊರಟಿತು. ನಡುನೀರಿನಲ್ಲಿ ಆ ಹಾಯಿ ಏರಿ ಅರಳಿದಾಗ ನನಗೆ ಹೆಮ್ಮೆಯಾಯಿತು. ಕಲಿಸುವ ಮಾಸ್ತರರು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದು, ವರ್ಷಾನುಗಟ್ಟಲೆ ಸಮುದ್ರದಲ್ಲಿ ದುಡಿದವರು. ದಂಡೆಯಲ್ಲಿದ್ದ ಮಕ್ಕಳಿಗೆ ಅವರು ಹೇಳುತ್ತಿದ್ದರು:

"ಎಲ್ಲಾ ಹಗ್ಗಕ್ಕ ಗಂಟು ಇರಲಿ, ಆ ಕೆಂಪು ಹಗ್ಗಕ್ಕ ಮಾತ್ರ ಬ್ಯಾಡ. ಗಾಳಿ ಭಾಳ ಜೋರಾತಂದ್ರ ಕೈ ಬಿಡಬೇಕು, ಹಗ್ಗ ಪೂರಾ ಓಡಿಹೋಗಬೇಕು. ಗಂಟಿದ್ರ ಗಾಲಿಗಿ ಸಿಕ್ಕೊಂಡು ದೋಣಿ ಮಗ್ಗಲಾಗಿ ಬೀಳ್ತದ."

ನಾನು ಗಂಟು ಬಿಗಿದದ್ದು ಅದಕ್ಕೇ. ಹೇಳಬೇಕೆಂದರೆ ಪರಗಂಡಸಿನ ಮುಂದೆ, ಅಷ್ಟು ಮಕ್ಕಳ ಮುಂದೆ ಬಾಯಿ ತೆರೆಯಬೇಕು. ನಿಮ್ಮ ಮುತ್ಯಾನೊಂದಿಗೂ ನಾನು ಬಾಗಿಲ ಹಿಂದೆ ನಿಂತೇ ಮಾತಾಡಿದವಳು. ಅಷ್ಟರಲ್ಲಿ ಆಚೆ ದಂಡೆಯಲ್ಲಿ ಜೋರು ಗಾಳಿಗೆ ಧೂಳೆದ್ದಿತು. ಆಮೇಲೆ ಕೇಳಿದ ದನಿ ಯಾರದೆಂದು ನಾನೇ ತಿರುಗಿ ನೋಡಿದೆ.

"ರೇಣುಕಾ, ಕೆಂಪು ಹಗ್ಗದ ಗಂಟು ಬಿಚ್ಚವ್ವಾ."

ಗಿಡದಲ್ಲಿದ್ದ ಕೊಕ್ಕರೆಗಳು ಎದ್ದು ಹಾರಿದವು. ಹುಡುಗಿಯರು ಆಯಿ ಹುರುಪು ತುಂಬುತ್ತಿದ್ದಾಳೆಂದು ತಿಳಿದು ಕೈ ಬೀಸಿದರು. ಗಾಳಿ ಬಡಿಯಿತು. ಶಬಾನಾ ಹಗ್ಗ ಬಿಟ್ಟಳು. ಅದು ಓಡಿತು, ಗಾಲಿಯ ಬಾಯಲ್ಲಿ ಗಕ್ಕನೆ ನಿಂತಿತು. ದೋಣಿ ದಣಿದ ಎಮ್ಮೆಯಂತೆ ಮಗ್ಗಲಾಯಿತು. ಇಬ್ಬರೂ ನೀರಿನಲ್ಲಿ.

ಗೊತ್ತಿದ್ದ ದೇವರು, ದರ್ಗಾ ಎಲ್ಲಕ್ಕೂ ಹರಕೆ ಹೊತ್ತೆ. ಎರಡು ತಲೆಗಳು ಮೇಲೆ ಬಂದವು. ಮೈಮೇಲೆ ತೇಲುವ ಜಾಕೀಟು ಇತ್ತೆಂಬುದು ಆಗ ನೆನಪಾಯಿತು. ಆದರೆ ಅವು ನಗುತ್ತಿದ್ದವು. ನನ್ನ ಜೀವ ಹೋಗಿ ಬಂದಿತ್ತು, ಅವು ನಗುತ್ತಿದ್ದವು! ದೋಣಿಯ ಅಡಿಯ ಹಲಗೆಯ ಮೇಲೆ ಹತ್ತಿ ನಿಂತು, ಅದನ್ನು ಎಬ್ಬಿಸಿಕೊಂಡು ದಂಡೆಗೆ ಬಂದರು.

ಮಗುಚಿದ ದೋಣಿ ಎತ್ತುವುದು ನಾಳೆಯ ಪಾಠವಾಗಿತ್ತು, ಇಂದೇ ಮುಗಿಯಿತು ಎಂದರು ಮಾಸ್ತರರು. ನಾನು ಉಸಿರು ಬಿಟ್ಟೆ. ಅವರು ಕೆಂಪು ಹಗ್ಗದ ತುದಿ ಕೈಗೆತ್ತಿಕೊಂಡರು. ಗಂಟು ನೋಡಿದರು. ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅಮ್ಮಾರ, ಅಷ್ಟು ದೂರದಾಗಿನ ಗಂಟು ನಿಮಗ ಹ್ಯಾಂಗ ಕಾಣ್ತರಿ?"

ಕೂದಲು ಹಿಂಡುತ್ತಿದ್ದ ರೇಣುಕಾ ನನ್ನ ಪರವಾಗಿಯೇ ಉತ್ತರ ಕೊಟ್ಟಳು.

"ನಮ್ಮ ಆಯಿಗಿ ಸೂಜಿ ತೂತು ಸುದ್ದಾ ಕಾಣಂಗಿಲ್ರಿ ಸರ್."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಹುಟ್ಟಿದಾಗಿನಿಂದ ಬಾರದ ದನಿ ಅದೊಂದು ಸಲ ಬಂದಿತ್ತು. ಬಂದದ್ದೇ ನನ್ನ ವಿರುದ್ಧವೇ ಸಾಕ್ಷಿ ಹೇಳಿ ಹೋಗಿತ್ತು.