ಗುಳಿಗೆ ನುಂಗಿ ಒಂದು ತಾಸು

ಥೈರಾಯ್ಡ್ ಇದ್ದವರ ಮನೆಯಲ್ಲಿ ದಿನಾ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ರಾಮದುರ್ಗದ ಮಗಳು, ಬೈಲಹೊಂಗಲದ ಸೊಸೆ, ಕಿತ್ತೂರಿನ ಹತ್ತಿರದ ಒಂದು ಶಾಲೆಯಲ್ಲಿ ಟೀಚರು. ನನಗೆ ಈ ರೋಗ ಬಂದು ಕೆಲವು ವರ್ಷಗಳಾದವು. ನನ್ನ ಹಿಂದೆಯೇ ತವರಿನಲ್ಲಿದ್ದ ತಂಗಿಗೂ ಬಂತು. ನನ್ನದು ಮದುವೆಯಾದ ಮೇಲೆ ಬಂದದ್ದು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವಳದು ಮದುವೆಗೆ ಮೊದಲೇ ಬಂತು. ಗೊತ್ತಾದರೆ ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎನ್ನುವುದೊಂದೇ ಅಂದಿನಿಂದ ಅಪ್ಪನ ಚಿಂತೆ. "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ" ಎಂದು ನಮಗೆಲ್ಲ ತಾಕೀತು ಮಾಡಿದ್ದ. ಬಾಯಿ ಬಿಡದೆ ಇರುವುದು ದೊಡ್ಡ ಮಾತಲ್ಲ. ಆದರೆ ಈ ರೋಗದ ಗುಳಿಗೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಆಮೇಲೆ ಒಂದು ತಾಸು ಚಹಾ ಕುಡಿಯುವ ಹಾಗಿಲ್ಲ. ನಮ್ಮ ಕಡೆ ಚಹಾ ಬೇಡ ಎಂದವರನ್ನು ಜನ ಸುಮ್ಮನೆ ಬಿಡುವುದಿಲ್ಲ.

೧. ಮನೆಯವರದೇ ಜಗಳ

ಮೊದಲ ರಿಪೋರ್ಟು ಬಂದಾಗ ನನ್ನ ಜೊತೆ ಡಾಕ್ಟರ ಹತ್ತಿರ ಬಂದವರು ಮಾವ. ನಮ್ಮ ಡಾಕ್ಟರು ಬೈಲಹೊಂಗಲದವರೇ, ಹೆಣ್ಣುಮಗಳು, ಸಮಾಧಾನದಿಂದ ಹೇಳುವವರು.

"ಇದು ಹೊರಗಿಂದ ಬಂದ ರೋಗಲ್ರಿ ಅಜ್ಜಾರ. ಮೈ ಕಾಯೋ ಸೈನ್ಯನ ತಪ್ಪು ತಿಳಕೊಂಡು, ಕುತಗಿಯೊಳಗಿನ ಥೈರಾಯ್ಡ್ ಗ್ರಂಥಿನ ಹೊಡಿಯಾಕ ಹತ್ತೈತಿ."

"ಅಂದ್ರ ಮನಿಯವ್ರು ಮನಿಯವ್ರನ್ನ ಹೊಡದಂಗ?"

"ಹೌದ್ರಿ."

"ಯಾಕ ಹೊಡಿತಾರ?"

"ಇಂಥಾದ್ದ ಕಾರಣ ಅಂತ ಹೇಳಾಕ ಆಗೂದಿಲ್ರಿ. ಮನೆತನದಾಗ ಬರತೈತಿ."

"ಯಾವಾಗ ಮುಗಿತೈತಿ?"

"ಮುಗಿಯೂದಲ್ರಿ ಇದು. ಗುಳಗಿ ತಗೋತ ಹೋಗೂದು."

ಮಾವ ತಲೆಗೆ ಸುತ್ತಿದ್ದ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡು ವಿಚಾರ ಮಾಡಿದರು. ಅವರಿಗೂ ಅವರ ಅಣ್ಣನಿಗೂ ಹೊಲದ ಬದುವಿನ ತಂಟೆ, ನಾನು ಸೊಸೆಯಾಗಿ ಬರುವ ಮೊದಲಿನಿಂದ ಕೋರ್ಟಿನಲ್ಲಿದೆ.

"ತಿಳೀತ್ರಿ ಡಾಕ್ಟರಬಾಯಿ," ಎಂದರು. "ನಮಗ ವಕೀಲರು ತಾರೀಖ ಕೊಡ್ತಾರ, ಈಕಿಗೆ ನೀವು ಗುಳಗಿ ಕೊಡ್ರಿ. ಎರಡೂ ನಡೀಲಿ."

೨. ಅತ್ತೆಯ ಚಹಾ

ಗುಳಿಗೆ ನುಂಗುತ್ತಾ ಹೋದೆ. ಮುಂದಿನ ತಪಾಸಣೆಯಲ್ಲಿ ರಿಪೋರ್ಟು ಇದ್ದಲ್ಲೇ ಇತ್ತು. ಡಾಕ್ಟರು ಗುಳಿಗೆಯ ಪ್ರಮಾಣ ಏರಿಸಿದರು. ಆಮೇಲೂ ಅಷ್ಟೇ.

"ಖರೇ ಹೇಳು, ಗುಳಗಿ ನುಂಗತಿಯೋ, ಗಟಾರಕ್ಕ ಚೆಲ್ಲತಿಯೋ?"

"ನುಂಗತೇನ್ರಿ."

"ಯಾತರ ಜೋಡಿ?"

"ಚಾದ ಜೋಡಿ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಅವರು ಮೊದಲೇ ಹೇಳಿದ್ದರು, ನಿಜ. ಆದರೆ ಅವರಿಗೆ ನನ್ನ ಮನೆಯ ಪರಿಸ್ಥಿತಿ ಗೊತ್ತಿಲ್ಲ. ಅಲ್ಲಿಯವರೆಗೆ ಬೆಳಗಿನ ಚಹಾ ಮಾಡುತ್ತಿದ್ದವಳು ನಾನು. ರೋಗ ಗೊತ್ತಾದ ಮರುದಿನದಿಂದ ಅತ್ತೆಯೇ ಚಹಾ ಮಾಡಿ ಹಾಸಿಗೆಗೆ ತಂದುಕೊಡುತ್ತಿದ್ದರು. ಓಣಿಯಲ್ಲಿ ಹೀಗೆ ಮಾಡುವ ಅತ್ತೆ ಇನ್ನೊಬ್ಬರಿಲ್ಲ. ಆ ಪ್ರೀತಿಗೆ ಬೇಡ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ಮನೆಗೆ ಬಂದು ಹೇಳಿದೆ. ಅತ್ತೆಯ ಮುಖ ಇಳಿಯಿತು. "ನನ್ನ ಚಾದಾಗ ವಿಷ ಐತಂತೇನ?"

"ಹಂಗಲ್ರಿ ಅತ್ತಿ. ನುಂಗಿದ ಕೂಡ್ಲೇ ಚಾ ಕುಡದ್ರ ಗುಳಗಿ ಮೈಗೆ ಹತ್ತೂದಿಲ್ಲಂತ."

ಎರಡು ದಿನ ಮುನಿಸಿಕೊಂಡರು. ಆಮೇಲೆ ಅವರೇ ಕಾಯಿದೆ ಮಾಡಿದರು. ನನ್ನ ತಾಸು ಮುಗಿಯುವವರೆಗೆ ಮನೆಯಲ್ಲಿ ಒಲೆಯ ಮೇಲೆ ಚಹಾ ಏರಬಾರದು. "ಸೊಸಿ ಬಾಯಿ ಒಣಗಿಸಿಕೊಂಡು ಕುಂತಿರಬೇಕಾದ್ರ ನಾವು ಸೊರ್ ಸೊರ್ ಅಂತ ಕುಡಿಯೂದು ಚೆಂದ ಕಾಣೂದಿಲ್ಲ."

ಮಾವ ನಸುಕಿನಲ್ಲೇ ಎದ್ದು ಎಮ್ಮೆ ಹಿಂಡುವವರು. ಹಿಂಡಿದ ಹಾಲು ಮುಂದಿಟ್ಟುಕೊಂಡು ಚಹಾಕ್ಕಾಗಿ ಕಾಯುವ ಗತಿ ಅವರಿಗೆ ಬಂತು. ಒಂದು ದಿನ ಇನ್ನೂ ಕತ್ತಲಿರುವಾಗಲೇ ನನ್ನ ಕೋಣೆಯ ಬಾಗಿಲು ಬಡಿದರು. "ಯವ್ವಾ, ಏಳ. ಲಗೂನ ಗುಳಗಿ ನುಂಗವಾ, ನನ್ನ ತಲಿ ಸಿಡಿಯಾಕ ಹತ್ತೈತಿ."

೩. ಖಾಲಿ ಹಗೇವು

ಥೈರಾಯ್ಡ್ ಹದಕ್ಕೆ ಬಂತು, ಆದರೆ ದಣಿವು ಹೋಗಲಿಲ್ಲ. ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಡಾಕ್ಟರು ಕಬ್ಬಿಣದ ಅಂಶ ನೋಡುವ ಫೆರಿಟಿನ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿದರು. ಈ ಸಲ ಜೊತೆಗೆ ಬಂದವರು ಅತ್ತೆ.

ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜಕ್ಕೆ ನಮ್ಮಲ್ಲಿ ಹಗೇವು ಅನ್ನುತ್ತಾರೆ. ಡಾಕ್ಟರು ಒಕ್ಕಲಿಗರ ಮನೆಯವರಿಗೆ ತಿಳಿಯಲಿ ಎಂದು ಅದನ್ನೇ ಹೇಳಿದರು. "ಈಕಿ ರಕ್ತ ಬರೋಬರಿ ಐತ್ರಿ. ಅಂದ್ರ ಅಡಗಿಮನಿ ಡಬ್ಬ್ಯಾಗ ಜ್ವಾಳ ಐತಿ, ದಿನಾ ರೊಟ್ಟಿ ನಡದೈತಿ. ಆದ್ರ ಹಗೇವು ಖಾಲಿ ಐತಿ. ಮೈಯಾಗ ಕೂಡಿಟ್ಟ ಕಬ್ಬಣನ ಇಲ್ಲ. ಈ ಥೈರಾಯ್ಡ್ ಇದ್ದ ಭಾಳ ಮಂದಿಗೆ ಹಿಂಗಾಗತೈತಿ. ಕಬ್ಬಣ ಕಮ್ಮಿ ಬಿತ್ತಂದ್ರ ಥೈರಾಯ್ಡೂ ಸೊರಗತೈತಿ."

ಅತ್ತೆ ಕುರ್ಚಿಯಿಂದ ಎದ್ದೇ ಬಿಟ್ಟರು. "ನಮ್ಮ ಮನ್ಯಾಗ ಹಗೇವು ಖಾಲಿ ಅಂತ ಯಾರು ಹೇಳಿದ್ರು ನಿಮಗ? ಈಕಿ ಹೇಳಿದಳೇನ? ಹೊತ್ತೊತ್ತಿಗೆ ಬಿಸಿ ರೊಟ್ಟಿ ಹಾಕೇನ್ರಿ ನಾ."

ಅವರನ್ನು ಕೂಡಿಸಿ ನೀರು ಕುಡಿಸುವಷ್ಟರಲ್ಲಿ ಡಾಕ್ಟರಿಗೆ ಸಾಕಾಯಿತು. ಮರುದಿನದಿಂದ ನನಗೆ ಶುರುವಾಯಿತು. ನುಗ್ಗೆಸೊಪ್ಪು, ಮಡಕೆಕಾಳು, ಎಳ್ಳಿನ ಉಂಡಿ, ಶೇಂಗಾ ಉಂಡಿ. ಒಂದು ಉಂಡಿ ಬಿಟ್ಟರೂ ಮನೆತನದ ಮರ್ಯಾದೆ ಹೋದಂತೆ. ನಾನು ತಿನ್ನುವುದನ್ನು ಓಣಿಯವರು ನೋಡಲಿ ಎಂದು ಕಟ್ಟೆಯ ಮೇಲೆ ಕೂಡಿಸಿ ತಿನ್ನಿಸುತ್ತಿದ್ದರು.

ಮತ್ತೆ ಪರೀಕ್ಷೆ ಮಾಡಿಸಿದಾಗ ಡಾಕ್ಟರು, "ಹಗೇವಿಗೆ ಒಂದೀಟ ಬಿದ್ದೈತ್ರಿ" ಎಂದರು. ದುಂಡಗಾಗಿದ್ದ ನನ್ನನ್ನು ಅತ್ತೆ ಅಡಿಯಿಂದ ಮುಡಿಯವರೆಗೆ ನೋಡಿದರು. "ಉಳದದ್ದು ಎಲ್ಲಿ ಹೋತು ಅನ್ನೂದು ಕಾಣಾಕ ಹತ್ತೈತಿ ಬಿಡ್ರಿ."

೪. ಕಪ್ಪಾಗುವ ಗುಳಿಗೆ

ಊಟ ಸಾಲದೆಂದು ಡಾಕ್ಟರು ಕಬ್ಬಿಣದ ಗುಳಿಗೆಯನ್ನೂ ಕೊಟ್ಟಿದ್ದರು. ಅದನ್ನು ಥೈರಾಯ್ಡ್ ಗುಳಿಗೆಯ ಜೊತೆ ನುಂಗುವ ಹಾಗಿಲ್ಲ, ನಡುವೆ ನಾಲ್ಕು ತಾಸು ಬಿಡಬೇಕು, ಅದಕ್ಕೂ ಚಹಾ ಆಗದು. ಹಾಗಾಗಿ ಅದನ್ನು ಶಾಲೆಯಲ್ಲಿ ಲಿಂಬೆಹಣ್ಣಿನ ಪಾನಕದ ಜೊತೆ ನುಂಗುತ್ತಿದ್ದೆ. ನಮ್ಮ ಹುಡುಗಿಯರಿಗೂ ಶಾಲೆಯಲ್ಲಿ ಕಬ್ಬಿಣದ ಗುಳಿಗೆ ಕೊಡುತ್ತೇವೆ. ಕೊಡುವಾಗ ಒಮ್ಮೆ, ಸ್ವಲ್ಪ ನಾಚಿಕೊಂಡು, "ಇದನ್ನ ತಗೊಂಡ್ರ ಕಪ್ಪಾಗತೈತಿ, ಹೆದರಬ್ಯಾಡ್ರಿ" ಎಂದಷ್ಟೇ ಹೇಳಿದೆ.

ಮರುದಿನ ಒಬ್ಬ ಹುಡುಗಿಯ ತಾಯಿ ಸಿಟ್ಟಿನಲ್ಲಿ ಬಂದಳು. "ಏನ್ರಿ ಟೀಚರ್, ಮದಲ ನನ್ನ ಮಗಳು ಕರ್ರಗದಾಳ. ಗುಳಗಿ ಕೊಟ್ಟು ಇನ್ನೀಟ ಕಪ್ಪ ಮಾಡಿದ್ರ ನಾಳಿ ನೋಡಾಕ ಬಂದವ್ರು ಏನಂತಾರ?"

ಕಪ್ಪಾಗುವುದು ಮೈಯಲ್ಲ, ಬೆಳಿಗ್ಗೆ ತಂಬಿಗೆ ಹಿಡಿದು ಹೊರಗೆ ಹೋದಾಗಿನದು ಎಂದು ಅವಳ ಕಿವಿಯಲ್ಲಿ ಹೇಳಿದೆ. ಸಿಟ್ಟು ಇಳಿಯಿತು.

"ಹಂಗಾದ್ರ ಕೊಡ್ರಿ," ಎಂದಳು. "ಅದನ್ನ ಯಾರೂ ನೋಡಾಕ ಬರೂದಿಲ್ಲ."

೫. ಕೆನೆ ಕಟ್ಟಿದ ಎರಡು ಕಪ್ಪು

ಸಿರಸಂಗಿ ಕಡೆಯವರು ತಂಗಿಯನ್ನು ನೋಡಲು ಬಂದರು. ಅಂದು ಶನಿವಾರ. ಒಂಬತ್ತಕ್ಕೆ ರಾಹುಕಾಲ ಹತ್ತುತ್ತದೆಂದು ಬೇಗ ಹೊರಟು ಎಂಟಕ್ಕೇ ರಾಮದುರ್ಗದ ನಮ್ಮ ಮನೆಯಲ್ಲಿದ್ದರು. ಹುಡುಗ ಫೋಟೋದಲ್ಲೇ ತಂಗಿಯ ಮನಸ್ಸಿಗೆ ಬಂದಿದ್ದ. ಅಪ್ಪ ಹಿಂದಿನ ದಿನವೇ ಅವಳ ಗುಳಿಗೆಯ ಡಬ್ಬಿಯನ್ನು ಅಕ್ಕಿಯಲ್ಲಿ ಹೂತಿಟ್ಟಿದ್ದ.

ಅವರು ಬರುವ ಮೊದಲೇ ಇದು ಗೊತ್ತಾಗಿ ನನಗೆ ಸಿಟ್ಟು ಬಂದಿತ್ತು. "ಲಗ್ನ ಆದ ಮ್ಯಾಲ ದಿನಾ ಮುಂಜಾನೆ ಒಂದ ತಾಸು ಚಾ ಹೆಂಗ ತಪ್ಪಿಸ್ತಾಳಪಾ ಈಕಿ? ಈಗ ಹೇಳಿಬಿಡೂಣು."

"ಲಗ್ನ ಆಗಲಿ ಮದಲ" ಎಂದ ಅಪ್ಪ. ಅಕ್ಕಿ ಕೆದರಿ ಡಬ್ಬಿ ಹುಡುಕುವುದರಲ್ಲಿ ತಡವಾಗಿ, ತಂಗಿ ಗುಳಿಗೆ ನುಂಗಿದಾಗ ಏಳೂವರೆ ಆಗಿತ್ತು.

ತಂಗಿ ಚಹಾ ತಂದು ಕೊಟ್ಟಳು. ಹುಡುಗ ಕುಡಿದ, ಅವನ ಅಪ್ಪ ಕುಡಿದರು. ಹುಡುಗನ ತಾಯಿ ಮಾತ್ರ ಕಪ್ಪನ್ನು ಪಕ್ಕಕ್ಕಿಟ್ಟರು. "ತಗೋರಿ" ಎಂದರೆ "ಇರ್ಲಿ ಬಿಡ್ರಿ, ಕುಡಿತೇನಿ" ಎನ್ನುತ್ತಾರೆ, ಮುಟ್ಟುವುದಿಲ್ಲ. ಹೆಣ್ಣು ನೋಡಲು ಬಂದವರು ಚಹಾ ಮುಟ್ಟದಿದ್ದರೆ ಹುಡುಗಿ ಬೇಡ ಎಂದೇ ಅರ್ಥ. ಅಪ್ಪನ ಮುಖ ಸಪ್ಪಗಾಯಿತು. ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಆ ತಾಯಿ ತಂಗಿಯನ್ನು ಹತ್ತಿರ ಕೂಡಿಸಿಕೊಂಡು, "ನೀನೂ ಕುಡಿಯವಾ" ಎಂದು ಒಂದು ಕಪ್ಪು ಕೈಗೆ ಕೊಟ್ಟರು. ತಂಗಿ ಅದನ್ನು ಹಿಡಿದು ತಲೆ ಬಗ್ಗಿಸಿ ಕೂತಳು. ಇಬ್ಬರ ಕಪ್ಪಿನಲ್ಲೂ ಕೆನೆ ಕಟ್ಟಿತು. ತಂಗಿಯ ಕಣ್ಣು ತುಂಬಿತು. ಇನ್ನು ಮುಗಿಯಿತು ಎಂದುಕೊಳ್ಳುವಾಗ ನೋಡಿದೆ, ಆ ತಾಯಿಯ ಕಣ್ಣು ತಂಗಿಯ ಮೇಲಿರಲಿಲ್ಲ, ಗೋಡೆಯ ಗಡಿಯಾರದ ಮೇಲಿತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅಪ್ಪನ ತಾಕೀತು ಬದಿಗಿಟ್ಟು ಕೇಳಿಯೇ ಬಿಟ್ಟೆ.

"ಗುಳಗಿ ಎಷ್ಟಕ್ಕ ತಗೊಂಡ್ರಿ?"

ಅವರು ಬೆಚ್ಚಿ ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, "ಏಳು ನಲವತ್ತಕ್ರಿ, ಗಾಡ್ಯಾಗ. ಗಡಿಬಿಡಿಯಾಗ ಮನ್ಯಾಗ ತಗೊಳ್ಳೂದು ಮರತಿದ್ದೆ. ಹೇಳಬ್ಯಾಡ ಅಂದಿದ್ರು ಇವ್ರು, ಬೀಗರು ಏನ ತಿಳಕೋತಾರೋ ಅಂತ."

ತಂಗಿ ತಲೆ ಎತ್ತಿದಳು. "ನಂದು ಏಳೂವರಿಗ್ರಿ. ನಿಮಗಿಂತ ಹತ್ತ ನಿಮಿಷ ಮದಲ ಕುಡಿತೇನಿ ನಾ."

ಆ ತಾಯಿ ಅವಳ ಕೈಯಿಂದ ಕಪ್ಪು ತೆಗೆದು ಕೆಳಗಿಟ್ಟು, ಪೂರ್ತಿ ಅವಳ ಕಡೆಗೇ ತಿರುಗಿ ಕೂತರು. ಅಡುಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳಲಿಲ್ಲ. "ಫೆರಿಟಿನ್ ಎಷ್ಟೈತಿ?" ಎಂದು ಕೇಳಿದರು.

"ಹನ್ನೊಂದ್ರಿ."

"ಬರೇ ಹನ್ನೊಂದು? ಸಾಲೂದಿಲ್ಲವಾ. ಐವತ್ತಾದ್ರೂ ಬೇಕು."

ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ ಕೇಳಿಸಿದ್ದು ಇಷ್ಟೇ. ಹುಡುಗಿ ಬೇಡ ಎಂದವರು ಈಗ ವರದಕ್ಷಿಣೆಯ ಮಾತಿಗೆ ಇಳಿದಿದ್ದಾರೆ ಎಂದುಕೊಂಡು ಕೈ ಜೋಡಿಸಿಕೊಂಡೇ ಒಳಗೆ ಓಡಿ ಬಂದ. "ಐವತ್ತ ತೊಲಿ ಬಂಗಾರ ನಮ್ಮ ಕೈಲೆ ಆಗೂದಿಲ್ರಿ ಅಕ್ಕಾರ. ಹನ್ನೊಂದು ಅಂದ್ರೂ ಹೊಲಾನ ಮಾರಬೇಕು."

ಹುಡುಗನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ತಂಗಿಯ ಕೈ ಹಿಡಿದುಕೊಂಡೇ ಹೇಳಿದರು.

"ಬಂಗಾರ ನಿಮ್ಮ ಕಡೇನ ಇರ್ಲಿ ಬೀಗರ. ಹುಡುಗಿಗೆ ಕಬ್ಬಣ ತುಂಬಿಸಿ ಕಳಸ್ರಿ, ಸಾಕು."